ನ್ಯಾನೋ ಮೊನೆಗಳು ಬ್ಯಾಕ್ಟೀರಿಯಾವನ್ನು ಸೂಜಿಯಂತೆ ಚುಚ್ಚಿ ಕೊಲ್ಲುತ್ತವೆಯೇ?

ಎರಡು ಬಗೆಯ ಫಾರ್ವರ್ಡ್‌ಗಳಿವೆ. ಎರಡೂ ನಿಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಬಂದಿರಬಹುದು.

ಮೊದಲನೆಯದರಲ್ಲಿ ಒಂದು ಚಿತ್ರ ಇರುತ್ತದೆ. ಸಾಲು ಸಾಲು ಸೂಜಿಗಳು, ಅವುಗಳ ಮೇಲೆ ಬಿದ್ದು ಬಲೂನಿನಂತೆ ಒಡೆದ ಹಸಿರು ಬ್ಯಾಕ್ಟೀರಿಯಾ. ಕೆಳಗೆ ದಪ್ಪ ಅಕ್ಷರ: "ಕೀಟದ ರೆಕ್ಕೆಯ ರಹಸ್ಯ! ನ್ಯಾನೋ ಸೂಜಿಗಳು ರೋಗಾಣುಗಳನ್ನು ಚುಚ್ಚಿ ಸಾಯಿಸುತ್ತವೆ. ಈ ಫಿಲ್ಮ್ ಅಂಟಿಸಿದರೆ ಮೊಬೈಲ್ ಒರೆಸುವುದೇ ಬೇಡ." ಎರಡನೆಯದು ಹೆದರಿಸುವ ಬಗೆಯದು: "ನ್ಯಾನೋ ಕಣ ಯಾವುದೇ ಇರಲಿ, ನಿಮ್ಮ ಜೀವಕೋಶದ ಪೊರೆಯನ್ನು ತೂತು ಮಾಡುತ್ತದೆ. ನ್ಯಾನೋ ಎಂದು ಬರೆದ ಯಾವುದನ್ನೂ ಮುಟ್ಟಬೇಡಿ. ಎಲ್ಲರಿಗೂ ಕಳಿಸಿ."

ಒಂದು ಆಸೆ ಹುಟ್ಟಿಸುತ್ತದೆ, ಇನ್ನೊಂದು ಭಯ. ಆದರೆ ಎರಡೂ ಮನಸ್ಸಿನಲ್ಲಿ ಇಟ್ಟುಕೊಂಡಿರುವ ಚಿತ್ರ ಒಂದೇ. ಜೀವಕೋಶ ಎಂದರೆ ಬಲೂನು, ನ್ಯಾನೋ ಎಂದರೆ ಸೂಜಿ, ತಗುಲಿದರೆ ಟಪ್ ಎಂದು ಒಡೆಯುತ್ತದೆ. ಈ ಚಿತ್ರವೇ ತಪ್ಪು. ಹಾಗೆಂದು ಕೀಟದ ರೆಕ್ಕೆಯ ಕಥೆ ಸುಳ್ಳಲ್ಲ. ರೆಕ್ಕೆಯ ಮೇಲೆ ಬ್ಯಾಕ್ಟೀರಿಯಾ ಸಾಯುವುದು ನಿಜ, ಅದನ್ನು ಪ್ರಯೋಗಾಲಯದಲ್ಲಿ ನೋಡಿದ್ದಾರೆ. ಸಾಯುವ ರೀತಿ ಮಾತ್ರ ಬೇರೆ. ಆ ರೀತಿ ಅರ್ಥವಾದರೆ ಮೊಬೈಲ್ ಫಿಲ್ಮಿಗೆ ದುಡ್ಡು ಕೊಡಬೇಕೇ, "ನ್ಯಾನೋ" ಎಂಬ ಪದಕ್ಕೆ ಹೆದರಬೇಕೇ ಎಂಬುದನ್ನು ನೀವೇ ತೀರ್ಮಾನಿಸಬಹುದು.

ಪೊರೆ ಎಂದರೆ ರಬ್ಬರ್ ಅಲ್ಲ

ಸಾರಿನ ಮೇಲೆ ತೇಲುವ ಎಣ್ಣೆಯನ್ನು ನೋಡಿದ್ದೀರಿ. ಕೊಬ್ಬಿಗೂ ನೀರಿಗೂ ಆಗಿಬರುವುದಿಲ್ಲ. ನಮ್ಮ ಜೀವಕೋಶದ ಪೊರೆಯೂ ಮುಖ್ಯವಾಗಿ ಒಂದು ಬಗೆಯ ಕೊಬ್ಬಿನಿಂದಲೇ ಆಗಿದೆ. ಅದರ ಹೆಸರು ಲಿಪಿಡ್. ಇದಕ್ಕೆ ಒಂದು ವಿಶೇಷವಿದೆ. ಇದರ ಒಂದೊಂದು ಅಣುವಿಗೂ ಒಂದು ತಲೆ, ಎರಡು ಬಾಲ. ತಲೆಗೆ ನೀರು ಇಷ್ಟ, ಬಾಲಗಳಿಗೆ ನೀರು ಕಂಡರೆ ಆಗದು. ಇಂಥ ಕೋಟಿಗಟ್ಟಲೆ ಅಣುಗಳನ್ನು ನೀರಿಗೆ ಹಾಕಿದರೆ ಅವು ತಾವಾಗಿಯೇ ಎರಡು ಪದರಗಳಾಗಿ ಜೋಡಿಸಿಕೊಳ್ಳುತ್ತವೆ. ಬಾಲಗಳೆಲ್ಲ ಒಳಮುಖ, ತಲೆಗಳೆಲ್ಲ ಹೊರಮುಖ. ಎರಡು ಹೋಳು ಬ್ರೆಡ್ಡಿನ ನಡುವೆ ಬೆಣ್ಣೆ ಸವರಿದ ಹಾಗೆ. ಇಡೀ ಹಾಳೆಯ ದಪ್ಪ 4ರಿಂದ 5 ನ್ಯಾನೋಮೀಟರ್. ಒಂದು ಮಿಲಿಮೀಟರಿಗೆ ಹತ್ತು ಲಕ್ಷ ನ್ಯಾನೋಮೀಟರ್ ಎಂದು ನೆನಪಿಟ್ಟುಕೊಳ್ಳಿ.

ಎರಡು ಪದರ ಎಂದು ಮೊದಲು ಹೇಳಿದ್ದು 1925ರಲ್ಲಿ, ನೆದರ್‌ಲ್ಯಾಂಡ್ಸಿನ ಲೈಡನ್ ಊರಿನ ಗಾರ್ಟರ್ ಮತ್ತು ಗ್ರೆಂಡಲ್. ಅವರು ಮಾಡಿದ ಪ್ರಯೋಗ ಬಹಳ ಸರಳ. ಮನುಷ್ಯ, ನಾಯಿ, ಕುರಿ, ಮೊಲ ಮುಂತಾದವುಗಳ ಕೆಂಪು ರಕ್ತಕಣಗಳಿಂದ ಲಿಪಿಡ್ ಬೇರ್ಪಡಿಸಿ, ಅದನ್ನು ನೀರಿನ ಮೇಲೆ ಒಂದೇ ಅಣುವಿನ ದಪ್ಪಕ್ಕೆ ಹರಡಿ, ಎಷ್ಟು ಜಾಗ ತುಂಬಿತು ಎಂದು ಅಳೆದರು. ರಕ್ತಕಣಗಳ ಮೈ ವಿಸ್ತೀರ್ಣದ ಎರಡರಷ್ಟು ಬಂತು. ಹಾಗಾದರೆ ಕಣದ ಮೇಲೆ ಅದು ಎರಡು ಪದರವಾಗಿ ಇರಬೇಕು ಎಂದರು. ತಮಾಷೆ ಎಂದರೆ ಅವರ ಲೆಕ್ಕದಲ್ಲಿ ಎರಡು ತಪ್ಪುಗಳಿದ್ದವು. ಲಿಪಿಡ್ ಪೂರ್ತಿಯಾಗಿ ಹೊರಬಂದಿರಲಿಲ್ಲ, ರಕ್ತಕಣದ ವಿಸ್ತೀರ್ಣವನ್ನೂ ಕಡಿಮೆ ಅಂದಾಜು ಮಾಡಿದ್ದರು. ಎರಡು ತಪ್ಪುಗಳು ಒಂದನ್ನೊಂದು ಹೊಡೆದುಹಾಕಿ ಉತ್ತರ ಸರಿಯಾಗಿ ಬಂತು. ಪರೀಕ್ಷೆಯಲ್ಲಿ ಎಲ್ಲರಿಗೂ ಇಂಥ ಅದೃಷ್ಟ ಇರುವುದಿಲ್ಲ.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಈ ಹಾಳೆ ಗಟ್ಟಿಯಲ್ಲ, ಅಡ್ಡಡ್ಡವಾಗಿ ಅದು ದ್ರವವೇ. ಅದರೊಳಗಿನ ಅಣುಗಳು ಸದಾ ಅತ್ತಿತ್ತ ಜಾರುತ್ತಿರುತ್ತವೆ. ಒಂದು ಲಿಪಿಡ್ ಅಣು ಬ್ಯಾಕ್ಟೀರಿಯಾದ ಈ ತುದಿಯಿಂದ ಆ ತುದಿಗೆ ಸುಮಾರು ಒಂದು ಸೆಕೆಂಡಿನಲ್ಲಿ ತಲುಪಬಲ್ಲದು. ಆದ್ದರಿಂದ ಪೊರೆಯಲ್ಲಿ ಸಣ್ಣ ತೂತು ಬಿದ್ದರೆ ಸುತ್ತಲಿನ ಅಣುಗಳು ಹರಿದುಬಂದು ಮುಚ್ಚಿಬಿಡುತ್ತವೆ. ತೂತಿನ ಅಂಚಿನಲ್ಲಿ ಬಾಲಗಳು ನೀರಿಗೆ ಒಡ್ಡಿಕೊಳ್ಳಬೇಕಾಗುತ್ತದೆ, ಅದು ಅವಕ್ಕೆ ಬೇಡ. ಹಾಗಾಗಿ ಮುಚ್ಚಿಕೊಳ್ಳುವುದೇ ಅವುಗಳ ಸ್ವಭಾವ.

ಇದಕ್ಕೆ ಪುರಾವೆ ಬೇಕೆಂದರೆ ಮಕ್ಕಳಿಲ್ಲದವರಿಗೆ ಚಿಕಿತ್ಸೆ ಕೊಡುವ ಐವಿಎಫ್ ಆಸ್ಪತ್ರೆಗಳಲ್ಲಿ ಸಿಗುತ್ತದೆ. ಅಲ್ಲಿ ಇಕ್ಸಿ ಎಂಬ ವಿಧಾನದಲ್ಲಿ ಗಾಜಿನ ಸಣ್ಣ ಸೂಜಿಯನ್ನು ಅಂಡಾಣುವಿನೊಳಗೆ ತೂರಿಸಿ ವೀರ್ಯಾಣುವನ್ನು ಬಿಡುತ್ತಾರೆ. ಆ ಸೂಜಿ ಬ್ಯಾಕ್ಟೀರಿಯಾಕ್ಕಿಂತ ಹಲವು ಪಟ್ಟು ದಪ್ಪ. ಪೊರೆ ಬಲೂನಿನಂತಿದ್ದರೆ ಅಂಡಾಣು ಅಲ್ಲೇ ಮುಗಿಯಬೇಕಿತ್ತು. ಆದರೆ ಸೂಜಿ ಹೊರಬಂದ ಮೇಲೆ ಪೊರೆ ಸಾಮಾನ್ಯವಾಗಿ ಕೂಡಿಕೊಳ್ಳುತ್ತದೆ, ಭ್ರೂಣ ಬೆಳೆಯುತ್ತದೆ, ಮಗು ಹುಟ್ಟುತ್ತದೆ.

ಚುಚ್ಚಿದರೆ ತಡೆದುಕೊಳ್ಳುವ ಈ ಹಾಳೆಗೆ ಬೇರೊಂದು ದೌರ್ಬಲ್ಯವಿದೆ. ಅದನ್ನು ಹಿಗ್ಗಿಸಲಾಗದು. ರಬ್ಬರ್ ಬಲೂನು ತನ್ನ ಅಳತೆಯ ಹಲವು ಪಟ್ಟು ಹಿಗ್ಗುತ್ತದೆ. ಲಿಪಿಡ್ ಹಾಳೆಯ ವಿಸ್ತೀರ್ಣ ನೂರಕ್ಕೆ ನಾಲ್ಕೈದು ಪಾಲು ಹೆಚ್ಚಿದರೆ ಸಾಕು, ಹರಿಯುತ್ತದೆ. ಬಗ್ಗಿಸುವುದು ಸುಲಭ, ಹಿಗ್ಗಿಸುವುದು ಅಸಾಧ್ಯಕ್ಕೆ ಹತ್ತಿರ. ರೆಕ್ಕೆಯ ಕಥೆಯೆಲ್ಲ ಈ ಮಾತಿನ ಮೇಲೆ ನಿಂತಿದೆ.

ಗಾಜಿನ ಮೇಲೆ ಹಾಸಿದ ಹಾಳೆ

ಪೊರೆ ಒಂದು ಗಟ್ಟಿ ಮೈಯನ್ನು ಮುಟ್ಟಿದಾಗ ಏನಾಗುತ್ತದೆ? ಜೀವಂತ ಕೋಶದಲ್ಲಿ ಇದನ್ನು ನೋಡುವುದು ಕಷ್ಟ, ಅಲ್ಲಿ ಗೊಂದಲ ಹೆಚ್ಚು. ಅದಕ್ಕೇ ವಿಜ್ಞಾನಿಗಳು ಬರೀ ಲಿಪಿಡ್ ತೆಗೆದುಕೊಂಡು ಗಾಜಿನ ಮೇಲೆ ಹಾಸಿ ನೋಡುತ್ತಾರೆ. 1980ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಹಾರ್ಡನ್ ಮೆಕಾನೆಲ್ ಮತ್ತು ಅವರ ಜೊತೆಗಾರರು ಈ ವಿಧಾನವನ್ನು ರೂಢಿಗೆ ತಂದರು. ನೀರಿನಲ್ಲಿ ಲಿಪಿಡ್‌ನ ಪುಟ್ಟ ಗುಳ್ಳೆಗಳನ್ನು ಮಾಡಿ, ಶುಚಿಯಾದ ಗಾಜಿನ ಮೇಲೆ ಬಿಟ್ಟರೆ, ಗುಳ್ಳೆಗಳು ಗಾಜಿಗೆ ಅಂಟಿ, ಚಪ್ಪಟೆಯಾಗಿ, ಒಡೆದು, ಪಕ್ಕದ ಗುಳ್ಳೆಯೊಡನೆ ಕೂಡಿ ಒಂದೇ ಹಾಳೆಯಾಗುತ್ತವೆ. ಕಾವಲಿಯ ಮೇಲೆ ಅಲ್ಲಲ್ಲಿ ಬಿದ್ದ ದೋಸೆ ಹಿಟ್ಟಿನ ಹನಿಗಳು ಹರಡಿ ಒಂದಕ್ಕೊಂದು ಸೇರಿದಂತೆ.

ಆದರೆ ದೋಸೆಯಂತೆ ಅದು ತಳ ಹಿಡಿಯುವುದಿಲ್ಲ. ಗಾಜಿಗೂ ಹಾಳೆಗೂ ನಡುವೆ ಸುಮಾರು 1 ನ್ಯಾನೋಮೀಟರ್ ದಪ್ಪದ ನೀರಿನ ಪದರ ಉಳಿದಿರುತ್ತದೆ. ಹಾಳೆ ಆ ನೀರಿನ ಮೇಲೆ ತೇಲುತ್ತಲೇ ಗಾಜಿಗೆ ಹತ್ತಿಕೊಂಡಿರುತ್ತದೆ.

ಗಾಜು ನುಣುಪಾಗಿದ್ದರೆ ಕಥೆ ಇಷ್ಟೇ. ನಿಜವಾದ ಜಗತ್ತಿನಲ್ಲಿ ಯಾವ ಮೈಯೂ ನುಣುಪಲ್ಲ. ಉಬ್ಬು ತಗ್ಗುಗಳಿದ್ದರೆ? ಇದನ್ನು 2008ರಲ್ಲಿ ಅಮೆರಿಕದ ಕ್ಲಾರ್ಕ್‌ಸನ್ ವಿಶ್ವವಿದ್ಯಾಲಯದ ಸೆರ್ಗಿ ಮಿಂಕೊ ಅವರ ತಂಡ ಅಚ್ಚುಕಟ್ಟಾಗಿ ಅಳೆಯಿತು. ನಯವಾದ ಮೈಯ ಮೇಲೆ ಸಿಲಿಕಾ ಗುಂಡುಗಳನ್ನು ಕೂರಿಸಿದರು. ಸಿಲಿಕಾ ಎಂದರೆ ಮರಳಿನಲ್ಲಿ ಇರುವುದೇ. ಗುಂಡುಗಳ ಗಾತ್ರ ಕೆಲವು ನ್ಯಾನೋಮೀಟರ್‌ಗಳಿಂದ ನೂರು ದಾಟುವವರೆಗೆ. ಅವುಗಳ ಮೇಲೆ ಲಿಪಿಡ್ ಹರಡಲು ಬಿಟ್ಟು, ಅತಿ ಸೂಕ್ಷ್ಮ ಮೊನೆಯಿಂದ ಮೈಯನ್ನು ತಡವಿ ನೋಡುವ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು.

ಫಲಿತಾಂಶದಲ್ಲಿ ಎರಡು ಗಡಿಗಳು ಕಂಡವು. ಉಬ್ಬು 1.2 ನ್ಯಾನೋಮೀಟರಿಗಿಂತ ಚಿಕ್ಕದಾದರೆ ಹಾಳೆ ಅದನ್ನು ಲೆಕ್ಕಿಸದೆ ಮೇಲೆ ಹಾಸಿಕೊಂಡು ಹೋಗುತ್ತದೆ, ಚಾಪೆಯ ಕೆಳಗೆ ಒಂದು ಮರಳ ಕಣ ಸಿಕ್ಕಂತೆ. ಗುಂಡು 22 ನ್ಯಾನೋಮೀಟರಿಗಿಂತ ದೊಡ್ಡದಾದರೂ ತೊಂದರೆ ಇಲ್ಲ, ಹಾಳೆ ಹತ್ತಿ ಇಳಿದು ಅದರ ಮೈಯನ್ನು ಪೂರ್ತಿ ಹೊದ್ದುಕೊಳ್ಳುತ್ತದೆ. ಇವೆರಡರ ನಡುವಿನ ಗಾತ್ರಕ್ಕೆ ಮಾತ್ರ ಪೇಚು. ಅಲ್ಲಿ ಹಾಳೆ ಗುಂಡಿನ ಮೇಲೆ ಹತ್ತದೆ, ಅದರ ಸುತ್ತ ಒಂದು ರಂಧ್ರ ಬಿಟ್ಟು ನಿಲ್ಲುತ್ತದೆ. ಉದ್ದಿನ ವಡೆಯ ತೂತಿನಲ್ಲಿ ಬಟಾಣಿ ಕೂತ ಹಾಗೆ.

ಈ ನಡುವಿನ ಗಾತ್ರಕ್ಕೇ ಯಾಕೆ ಹೀಗೆ? ಇದು ಖರ್ಚು ಮತ್ತು ಆದಾಯದ ಲೆಕ್ಕ. ಗುಂಡಿಗೆ ಅಂಟಿಕೊಂಡರೆ ಹಾಳೆಗೆ ಶಕ್ತಿಯ ಲಾಭ. ಆದರೆ ಅಂಟಬೇಕೆಂದರೆ ಬಗ್ಗಬೇಕು, ಬಗ್ಗುವುದಕ್ಕೆ ಖರ್ಚು. ಲಾಭ ಗುಂಡಿನ ಮೈ ವಿಸ್ತೀರ್ಣವನ್ನು ಅವಲಂಬಿಸುತ್ತದೆ, ಅಂದರೆ ಗುಂಡಿನ ಅಡ್ಡಳತೆ ಅರ್ಧವಾದರೆ ಲಾಭ ಕಾಲು ಭಾಗಕ್ಕೆ ಇಳಿಯುತ್ತದೆ. ಖರ್ಚು ಹಾಗಲ್ಲ. ಒಂದು ಗುಂಡನ್ನು ಪೂರ್ತಿ ಸುತ್ತಲು ಬೇಕಾಗುವ ಬಗ್ಗುವ ಶಕ್ತಿ, ಗುಂಡು ದೊಡ್ಡದಿರಲಿ ಚಿಕ್ಕದಿರಲಿ, ಹೆಚ್ಚುಕಡಿಮೆ ಒಂದೇ. ದೊಡ್ಡ ಗುಂಡಿನಲ್ಲಿ ಬಾಗು ಮೆಲ್ಲಗೆ ಆದರೆ ಮೈ ಜಾಸ್ತಿ, ಚಿಕ್ಕದರಲ್ಲಿ ಬಾಗು ತೀವ್ರ ಆದರೆ ಮೈ ಕಡಿಮೆ, ಎರಡೂ ಸರಿದೂಗುತ್ತವೆ. ಬಾಡಿಗೆ ಅಷ್ಟೇ ಇದ್ದು ವ್ಯಾಪಾರ ಮಾತ್ರ ಇಳಿಯುತ್ತಾ ಹೋದ ಅಂಗಡಿಯಂತೆ, ಒಂದು ಹಂತದಲ್ಲಿ ಬಾಗಿಲು ಹಾಕಲೇಬೇಕು. ಆ ಪ್ರಯೋಗದಲ್ಲಿ ಅಂಗಡಿ ಮುಚ್ಚಿದ್ದು 22ರಲ್ಲಿ. ಲಿಪಿಡ್ ಬದಲಾದರೆ, ಗುಂಡಿನ ಮೈಯ ವಿದ್ಯುದಾವೇಶ ಬದಲಾದರೆ ಈ ಗಡಿಯೂ ಜರುಗುತ್ತದೆ. ಹಾಗಾಗಿ 22 ಎಂಬುದನ್ನು ಮಂತ್ರದಂತೆ ಎಲ್ಲ ಕಡೆ ಹಚ್ಚಬಾರದು.

ಎರಡನೇ ಫಾರ್ವರ್ಡಿಗೆ ಇಲ್ಲಿಯೇ ಉತ್ತರ ಸಿಕ್ಕಿತು. "ನ್ಯಾನೋ" ಎಂಬುದು ಅಳತೆಯ ಹೆಸರೇ ಹೊರತು ಗುಣದ ಹೆಸರಲ್ಲ. ಒಂದೇ ವಸ್ತು, ಒಂದೇ ಲಿಪಿಡ್, ಗಾತ್ರ ಮಾತ್ರ ಬೇರೆ. ಒಂದು ಗಾತ್ರದಲ್ಲಿ ಪೊರೆಗೆ ಅದರ ಗೊಡವೆಯೇ ಇಲ್ಲ, ಇನ್ನೊಂದು ಗಾತ್ರದಲ್ಲಿ ತೂತು, ಮತ್ತೊಂದರಲ್ಲಿ ಹೊದಿಕೆ. "ನ್ಯಾನೋ ಕಣ ತೂತು ಮಾಡುತ್ತದೆ" ಎನ್ನುವುದು "ಕಲ್ಲು ಬಿದ್ದರೆ ತಲೆ ಒಡೆಯುತ್ತದೆ" ಎಂದಷ್ಟೇ ಅರೆಬರೆ ಮಾತು. ಯಾವ ಕಲ್ಲು, ಎಷ್ಟು ದೊಡ್ಡದು, ಎಲ್ಲಿಂದ ಬಿತ್ತು ಎಂದು ಕೇಳಬೇಡವೇ? ಕೆಲವು ನ್ಯಾನೋ ಕಣಗಳು ನಿಜಕ್ಕೂ ಹಾನಿಕರ, ಸಿಲಿಕಾ ಧೂಳನ್ನು ಉಸಿರಾಡುವ ಕಲ್ಲು ಕ್ವಾರಿಯ ಕೆಲಸಗಾರರ ಶ್ವಾಸಕೋಶ ಹಾಳಾಗುವುದೂ ನಿಜ. ಆದರೆ ಅಪಾಯವನ್ನು ವಸ್ತು, ಗಾತ್ರ, ಪ್ರಮಾಣ, ದೇಹಕ್ಕೆ ಸೇರುವ ದಾರಿ ಇವುಗಳಿಂದ ಅಳೆಯಬೇಕೇ ಹೊರತು ಹೆಸರಿನಿಂದಲ್ಲ.

ಜೀರುಂಡೆಯ ರೆಕ್ಕೆಯಲ್ಲಿ ಏನಿದೆ

ಈಗ ಮೊದಲನೇ ಫಾರ್ವರ್ಡಿಗೆ ಬರೋಣ. ಕಾಡಿನಲ್ಲಿ ಬೇಸಿಗೆಯ ಹೊತ್ತು ಕಿವಿ ಗಡಚಿಕ್ಕುವಂತೆ ಕೂಗುವ ಜೀರುಂಡೆ ಗೊತ್ತಲ್ಲ, ಇಂಗ್ಲಿಷಿನವರು ಸಿಕಾಡ ಎನ್ನುವುದು. ಅದರ ಆಸ್ಟ್ರೇಲಿಯಾದ ಒಂದು ಜಾತಿಯ ರೆಕ್ಕೆಯನ್ನು ಮೆಲ್ಬೋರ್ನಿನ ಸ್ವಿನ್‌ಬರ್ನ್ ವಿಶ್ವವಿದ್ಯಾಲಯದ ಎಲೆನಾ ಇವನೋವಾ ಮತ್ತು ಜೊತೆಗಾರರು ಪರೀಕ್ಷಿಸಿ 2012ರಲ್ಲಿ ವರದಿ ಮಾಡಿದರು. ನೀರು ನಿಲ್ಲದ ಮೈ ಆದ್ದರಿಂದ ಅಲ್ಲಿ ಬ್ಯಾಕ್ಟೀರಿಯಾವೂ ಅಂಟುವುದಿಲ್ಲ ಎಂಬ ನಿರೀಕ್ಷೆ ಸಹಜ. ಆದದ್ದೇ ಬೇರೆ. ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಚೆನ್ನಾಗಿಯೇ ಅಂಟಿಕೊಂಡಿತು, ಅಂಟಿಕೊಂಡ ಮೂರು ನಿಮಿಷದ ಸುಮಾರಿಗೆ ಕುಸಿದು ಸತ್ತಿತು.

ರೆಕ್ಕೆಯಲ್ಲಿ ಏನೋ ವಿಷವಿರಬೇಕಲ್ಲ? ಅದನ್ನೂ ನೋಡಿದರು. ರೆಕ್ಕೆಯ ಮೇಲೆ 10 ನ್ಯಾನೋಮೀಟರ್ ಚಿನ್ನದ ಲೇಪ ಕೊಟ್ಟರು. ರಾಸಾಯನಿಕವಾಗಿ ಈಗ ಅದು ರೆಕ್ಕೆಯಲ್ಲ, ಚಿನ್ನ. ಬ್ಯಾಕ್ಟೀರಿಯಾ ಆಗಲೂ ಸತ್ತವು. ಕೊಲ್ಲುತ್ತಿದ್ದದ್ದು ರಸಾಯನವಲ್ಲ, ಆಕಾರ.

ಆ ಆಕಾರ ಎಂಥದ್ದು? ರೆಕ್ಕೆಯ ತುಂಬ ಒತ್ತೊತ್ತಾಗಿ ನಿಂತ ಕಂಬಗಳು. ಎತ್ತರ ಸುಮಾರು 200 ನ್ಯಾನೋಮೀಟರ್, ಬುಡದ ಅಗಲ 100, ತುದಿಯ ಅಗಲ 60, ಒಂದರಿಂದ ಒಂದಕ್ಕೆ ದೂರ 170. ಈ ಸಂಖ್ಯೆಗಳು ಕಣ್ಣಿಗೆ ಕಟ್ಟುವುದಿಲ್ಲ. ಎಲ್ಲವನ್ನೂ ಮೂರು ಲಕ್ಷ ಪಟ್ಟು ದೊಡ್ಡದು ಮಾಡೋಣ. ಆಗ ಬ್ಯಾಕ್ಟೀರಿಯಾ ಒಂದು ದೊಡ್ಡ ಹಲಸಿನ ಹಣ್ಣು, ಅಡ್ಡಳತೆ ಒಂದು ಅಡಿ. ಅದರ ಪೊರೆ ಒಂದೂವರೆ ಮಿಲಿಮೀಟರ್ ದಪ್ಪ. ಕಂಬಗಳು ಆರು ಸೆಂಟಿಮೀಟರ್ ಎತ್ತರ, ಬುಡ ಮೂರು ಸೆಂಟಿಮೀಟರ್, ತುದಿ ಎರಡು ಸೆಂಟಿಮೀಟರಿಗೆ ಸ್ವಲ್ಪ ಕಡಿಮೆ, ಅದೂ ದುಂಡಗೆ. ಅಂದರೆ ಗಿಡ್ಡ ಏಲಕ್ಕಿ ಬಾಳೆಹಣ್ಣುಗಳನ್ನು ಸಾಲಾಗಿ ನಿಲ್ಲಿಸಿದ ಹಾಗೆ. ಅದರ ಮೇಲೆ ಹಲಸಿನ ಹಣ್ಣು ಇಟ್ಟಿದ್ದೇವೆ.

ಈಗ ಹೇಳಿ, ಇದರಲ್ಲಿ ಸೂಜಿ ಎಲ್ಲಿದೆ? ಫಾರ್ವರ್ಡಿನ ಚಿತ್ರ ಬರೆದವರು ಮೊನೆಗಳನ್ನು ಮೊಳೆಯಂತೆ ಚೂಪು ಮಾಡಿದ್ದಾರೆ. ಅಸಲಿ ಕಂಬ ಮೊಂಡು. 60 ನ್ಯಾನೋಮೀಟರ್ ಅಗಲದ ದುಂಡು ತುದಿ ಎಂದರೆ ಸಿಲಿಕಾ ಗುಂಡಿನ ಪ್ರಯೋಗದಲ್ಲಿ ಕಂಡ 22ರ ಗಡಿಗಿಂತ ಬಹಳ ಮೇಲೆ, ಪೊರೆ ಆರಾಮವಾಗಿ ಹೊದ್ದುಕೊಳ್ಳುವ ಗಾತ್ರ. ಆಗುವುದೂ ಹಾಗೆಯೇ. ಬ್ಯಾಕ್ಟೀರಿಯಾದ ಪೊರೆ ಕಂಬದ ತುದಿಗೆ ಅಂಟುತ್ತದೆ. ಅಂಟಿದ್ದು ಅಲ್ಲಿಗೇ ನಿಲ್ಲದೆ ಕಂಬದ ಬದಿಗಳಲ್ಲಿ ಕೆಳಗಿಳಿಯುತ್ತಾ ಹೋಗುತ್ತದೆ, ಅಂಟಿದಷ್ಟೂ ಲಾಭ. ಪಕ್ಕದ ಕಂಬದಲ್ಲೂ ಅದೇ ನಡೆದಿರುತ್ತದೆ. ಎರಡು ಕಂಬಗಳ ನಡುವೆ ತೂಗುತ್ತಿರುವ ತುಂಡು ಎರಡೂ ಕಡೆಗೆ ಎಳೆಸಿಕೊಳ್ಳುತ್ತದೆ. ಮಳೆಗಾಲದಲ್ಲಿ ಅಂಗಳದ ಗಳುಗಳ ಮೇಲೆ ಬಿಗಿದ ಟಾರ್ಪಾಲನ್ನು ನೆನೆಸಿಕೊಳ್ಳಿ. ಸುತ್ತಲೂ ಹಗ್ಗ ಎಳೆಯುತ್ತಾ ಹೋದರೆ ನಡುವಿನ ಭಾಗಕ್ಕೆ ಬಿಗಿತ. ಪೊರೆ ನೂರಕ್ಕೆ ನಾಲ್ಕೈದು ಪಾಲಿಗಿಂತ ಹೆಚ್ಚು ಹಿಗ್ಗದು ಎಂದು ಆಗಲೇ ಹೇಳಿದೆವಲ್ಲ, ಅಲ್ಲಿ ಹರಿಯುತ್ತದೆ. ಮೊನೆಯ ಮೇಲಲ್ಲ, ಮೊನೆಗಳ ನಡುವೆ.

2013ರಲ್ಲಿ ಬಂದ ಲೆಕ್ಕಾಚಾರದ ಮಾದರಿ ಹೇಳಿದ್ದು ಇದನ್ನೇ. ಈ ಮಾದರಿ ಸರಿಯಾಗಿದ್ದರೆ ಪೊರೆ ಮತ್ತು ಅದರ ಗೋಡೆ ಬಿರುಸಾಗಿರುವ ಬ್ಯಾಕ್ಟೀರಿಯಾ ಬದುಕಬೇಕು, ಯಾಕೆಂದರೆ ಅದು ಕಂಬಗಳ ನಡುವೆ ಇಳಿಯುವುದೇ ಇಲ್ಲ. ಹಾಗೆಯೇ ಆಯಿತು. ಸ್ಯೂಡೊಮೊನಾಸ್, ಇ. ಕೋಲಿಯಂಥ ತೆಳು ಗೋಡೆಯವು ಸತ್ತವು. ದಪ್ಪ ಗೋಡೆಯ ಸ್ಟೆಫೈಲೊಕಾಕಸ್ ಆರಿಯಸ್ ಏನೂ ಆಗದೆ ಕೂತಿತ್ತು. ಆಮೇಲೆ ಸಂಶೋಧಕರು ಗಟ್ಟಿ ಬ್ಯಾಕ್ಟೀರಿಯಾಗಳನ್ನು ಮೈಕ್ರೋವೇವ್‌ಗೆ ಒಡ್ಡಿ ಅವುಗಳ ಬಿರುಸು ತಗ್ಗಿಸಿ ಮತ್ತೆ ರೆಕ್ಕೆಯ ಮೇಲೆ ಬಿಟ್ಟರು. ಈ ಸಲ ಅವೂ ಸತ್ತವು. ನಮಗೆ ಈ ಇಡೀ ಸಂಶೋಧನೆಯಲ್ಲಿ ಬಹಳ ಹಿಡಿಸಿದ ಭಾಗ ಇದು. ಮೊನೆಯ ಚೂಪನ್ನು ಬದಲಿಸದೆ, ಪೊರೆಯ ಬಿರುಸನ್ನು ಬದಲಿಸಿ ಫಲಿತಾಂಶ ತಿರುಗಿಸಿದರು.

ಸ್ಟೆಫೈಲೊಕಾಕಸ್ ಎಂದರೆ ಯಾರೋ ದೂರದವರಲ್ಲ. ಕುರು, ಗಾಯದ ಕೀವು, ಶಸ್ತ್ರಚಿಕಿತ್ಸೆಯ ನಂತರದ ಸೋಂಕು, ಇವಕ್ಕೆಲ್ಲ ಮುಖ್ಯ ಕಾರಣಗಳಲ್ಲೊಂದು ಅದೇ. ಎಷ್ಟೋ ಜನರ ಮೂಗು ಮತ್ತು ಚರ್ಮದ ಮೇಲೆ ಸುಮ್ಮನೆ ವಾಸವಾಗಿರುತ್ತದೆ, ಅಲ್ಲಿಂದ ಮೊಬೈಲಿನ ಮೇಲೂ ಬರುತ್ತದೆ. ಜೀರುಂಡೆ ರೆಕ್ಕೆಯನ್ನು ಹಾಗೇ ನಕಲು ಮಾಡಿ ಫಿಲ್ಮ್ ತಯಾರಿಸಿದರೂ ಅದು ಬಿಟ್ಟುಬಿಡುವುದು ಇದನ್ನೇ.

ಏರೋಪ್ಲೇನ್ ಚಿಟ್ಟೆಯ ರೆಕ್ಕೆ ಮತ್ತು ಅದನ್ನು ಹೋಲುವ ಕಪ್ಪು ಸಿಲಿಕಾನ್ ಎಂಬ ವಸ್ತು ಸ್ಟೆಫೈಲೊಕಾಕಸ್ಸನ್ನೂ ಕೊಂದವು ಎಂದು ಅದೇ 2013ರಲ್ಲಿ ವರದಿಯಾಯಿತು. ಅಲ್ಲಿನ ಮೊನೆಗಳು ಇನ್ನೂ ತೆಳು, ಅಳತೆ ಒಂದೊಂದೂ ಬೇರೆ ಬೇರೆ. ಪ್ರತಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ನಾಲ್ಕೂವರೆ ಲಕ್ಷದವರೆಗೆ ಬ್ಯಾಕ್ಟೀರಿಯಾ ಸಾಯುತ್ತವೆ ಎಂದು ಅಂದಾಜಿಸಿದ್ದರು.

ವಿಷಯ ಇಷ್ಟಕ್ಕೇ ಮುಗಿದಿಲ್ಲ. 2020ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದವರು ಟೈಟೇನಿಯಂ ಲೋಹದ ಮೇಲೆ ಇಂಥ ಕಂಬಗಳನ್ನು ಬೆಳೆಸಿ ನೋಡಿದಾಗ ಪೊರೆ ಹರಿದು ಸತ್ತ ಬ್ಯಾಕ್ಟೀರಿಯಾ ಹೆಚ್ಚೇನೂ ಸಿಗಲಿಲ್ಲ. ಕಂಬಗಳು ಪೊರೆಯನ್ನು ಒತ್ತಿ ವಿಕಾರಗೊಳಿಸುತ್ತವೆ, ಕೆಲವೆಡೆ ಒಳನುಗ್ಗುತ್ತವೆ, ಆ ಒತ್ತಡಕ್ಕೆ ಬ್ಯಾಕ್ಟೀರಿಯಾದೊಳಗೆ ಹಾನಿಕರ ಆಮ್ಲಜನಕ ಸಂಯುಕ್ತಗಳು ಹೆಚ್ಚಾಗಿ ಅದು ಬೆಳೆಯುವುದು ಕುಂಠಿತವಾಗುತ್ತದೆ ಎಂದು ಅವರು ಹೇಳಿದರು. ಏರೋಪ್ಲೇನ್ ಚಿಟ್ಟೆಯ ಬಗ್ಗೆಯೂ ಬೇರೆ ವಾದವಿದೆ. ಅಂಟಿಕೊಂಡ ಬ್ಯಾಕ್ಟೀರಿಯಾ ತಪ್ಪಿಸಿಕೊಳ್ಳಲು ಒದ್ದಾಡುವಾಗ ಪೊರೆ ಹರಿಯುತ್ತದೆ ಎಂದು. ಎಲ್ಲ ಮೈಗಳಿಗೂ ಒಂದೇ ಉತ್ತರವಿರಬೇಕಾಗಿಯೂ ಇಲ್ಲ. ಕಂಬದ ಎತ್ತರ, ದಪ್ಪ, ದೂರ ಬದಲಾದಂತೆ ಕಾರಣವೂ ಬದಲಾಗಬಹುದು.

ಹಾಗಾದರೆ ನಮ್ಮ ಕೋಶಗಳ ಗತಿ?

ಬ್ಯಾಕ್ಟೀರಿಯಾವನ್ನು ಹರಿದುಹಾಕುವ ಮೈ ನಮ್ಮ ಕೋಶವನ್ನೂ ಹರಿಯುವುದಿಲ್ಲವೇ? ಈ ಪ್ರಶ್ನೆಯ ಮೇಲೆ ಬಹಳಷ್ಟು ನಿಂತಿದೆ, ಏಕೆಂದರೆ ಈ ತಂತ್ರದ ನಿಜವಾದ ಗಿರಾಕಿ ಮೊಬೈಲ್ ಅಲ್ಲ, ಮಂಡಿ ಮತ್ತು ಸೊಂಟ. ಮಂಡಿ ಚಿಪ್ಪು ಬದಲಿಸಿದ ನೂರರಲ್ಲಿ ಒಬ್ಬಿಬ್ಬರಿಗೆ ಕೃತಕ ಕೀಲಿನಲ್ಲಿ ಸೋಂಕು ಆಗುತ್ತದೆ. ಲೋಹದ ಮೇಲೆ ಬ್ಯಾಕ್ಟೀರಿಯಾಗಳು ಲೋಳೆಯ ಪದರ ಕಟ್ಟಿಕೊಂಡು ಕೂತರೆ ಆ್ಯಂಟಿಬಯಾಟಿಕ್ ಅಲ್ಲಿಗೆ ತಲುಪುವುದು ಕಷ್ಟ. ಎಷ್ಟೋ ಸಲ ಕೀಲನ್ನೇ ತೆಗೆದು ಮತ್ತೆ ಶಸ್ತ್ರಚಿಕಿತ್ಸೆ ಮಾಡಬೇಕು. ಅರವತ್ತು ಎಪ್ಪತ್ತು ವಯಸ್ಸಿನವರಿಗೆ ಅದು ಸಣ್ಣ ಮಾತಲ್ಲ. ಔಷಧಿಯಿಲ್ಲದೆ, ಬರೀ ಆಕಾರದಿಂದ ಬ್ಯಾಕ್ಟೀರಿಯಾ ದೂರವಿಡುವ ಲೋಹ ಸಿಕ್ಕರೆ ಎಷ್ಟು ಅನುಕೂಲ ಯೋಚಿಸಿ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೌಶಿಕ್ ಚಟರ್ಜಿ ಮತ್ತು ಜೊತೆಗಾರರು 2017ರಲ್ಲಿ ಪ್ರಕಟಿಸಿದ ಕೆಲಸ ಈ ದಾರಿಯದು. ಟೈಟೇನಿಯಂ ಮೈಯನ್ನು ಕೊರೆದು ನ್ಯಾನೋ ಮೊನೆಗಳನ್ನು ಎಬ್ಬಿಸಿದರು, ಮೈ ಕಪ್ಪಾಗಿ ಕಾಣುವುದರಿಂದ ಅದನ್ನು ಕಪ್ಪು ಟೈಟೇನಿಯಂ ಎಂದರು. ಅದರ ಮೇಲೆ ಬ್ಯಾಕ್ಟೀರಿಯಾ ಸತ್ತವು, ಆದರೆ ಮನುಷ್ಯರ ಕಾಂಡಕೋಶಗಳು ಅಂಟಿಕೊಂಡು ಬೆಳೆದವು.

ಒಂದೇ ಮೈ, ಒಬ್ಬರಿಗೆ ಮುಳ್ಳು, ಇನ್ನೊಬ್ಬರಿಗೆ ಹಾಸಿಗೆ. ಇದಕ್ಕೆ ಒಂದು ಕಾರಣ ಗಾತ್ರ. ನಮ್ಮ ಕೋಶ ಬ್ಯಾಕ್ಟೀರಿಯಾಕ್ಕಿಂತ ಹತ್ತಿಪ್ಪತ್ತು ಪಟ್ಟು ಅಗಲ, ಅದಕ್ಕೆ ನೂರಾರು ಕಂಬಗಳ ಮೇಲೆ ಭಾರ ಹಂಚಿಹೋಗುತ್ತದೆ. ಇನ್ನೊಂದು ಕಾರಣ ಇನ್ನೂ ಸೊಗಸಾಗಿದೆ. ನಮ್ಮ ಕೋಶದ ಪೊರೆ ಬಿಗಿಯಾಗಿ ಎಳೆದು ಕಟ್ಟಿದ್ದಲ್ಲ. ಅದರಲ್ಲಿ ಸುಕ್ಕು, ಮಡಿಕೆ, ಕುಳಿಗಳು ಧಾರಾಳ. ಎಳೆತ ಬಂದಾಗ ಹಿಗ್ಗುವ ಬದಲು ಮಡಿಕೆ ಬಿಚ್ಚಿಕೊಳ್ಳುತ್ತದೆ, ನೆರಿಗೆ ಇಟ್ಟ ಲಂಗದ ಹಾಗೆ. ಬ್ಯಾಕ್ಟೀರಿಯಾ ಒಳಗಿನ ನೀರಿನ ಒತ್ತಡದಿಂದ ಮೊದಲೇ ಬಿಗಿದುಕೊಂಡಿರುತ್ತದೆ. ಇರುವ ನಾಲ್ಕೈದು ಪಾಲಿನ ಅವಕಾಶದಲ್ಲಿ ಅದಕ್ಕೆ ಉಳಿದಿರುವುದು ಸ್ವಲ್ಪವೇ.

ಮೊಬೈಲ್ ಫಿಲ್ಮಿನ ಮಾತು

ಇಷ್ಟೆಲ್ಲ ನಿಜವಾಗಿದ್ದರೆ ಆ ಫಿಲ್ಮ್ ಕೊಳ್ಳಲು ಏನು ತೊಂದರೆ ಎಂದು ನೀವು ಕೇಳಬಹುದು.

ಮೊದಲನೆಯದಾಗಿ, ಆ್ಯಂಟಿಬ್ಯಾಕ್ಟೀರಿಯಲ್ ಎಂದು ಮಾರುವ ಗಾಜು ಮತ್ತು ಪ್ಲಾಸ್ಟಿಕ್‌ಗಳಲ್ಲಿ ಸಾಮಾನ್ಯವಾಗಿ ಬಳಸುವುದು ಬೆಳ್ಳಿಯಂಥ ರಾಸಾಯನಿಕ, ಕಂಬಗಳಲ್ಲ. ಕೀಟದ ರೆಕ್ಕೆಯ ಕಥೆ ಹೇಳಿ ಬೆಳ್ಳಿ ಲೇಪ ಮಾರುವುದು ಹಾವು ತೋರಿಸಿ ತಾಯಿತ ಮಾರಿದಂತೆ. ಬೆಳ್ಳಿ ಬ್ಯಾಕ್ಟೀರಿಯಾ ಕೊಲ್ಲುವುದು ಸುಳ್ಳಲ್ಲ, ಆದರೆ ಅದು ಬೇರೆ ಕಥೆ.

ಎರಡನೆಯದು, "99.9%" ಎಂಬ ಸಂಖ್ಯೆ. ಇಂಥ ಮೈಗಳನ್ನು ಪರೀಕ್ಷಿಸಲು ಐಎಸ್ಒ 22196 ಎಂಬ ಅಂತರರಾಷ್ಟ್ರೀಯ ವಿಧಾನವಿದೆ. ಅದರಲ್ಲಿ ಬ್ಯಾಕ್ಟೀರಿಯಾ ಇರುವ ದ್ರವವನ್ನು ಮೈಯ ಮೇಲೆ ಹಾಕಿ, ತೆಳು ಹಾಳೆ ಮುಚ್ಚಿ, ಒಣಗದಂತೆ ತೇವದಲ್ಲಿ, 35 ಡಿಗ್ರಿಯಲ್ಲಿ 24 ಗಂಟೆ ಇಡುತ್ತಾರೆ. ನಿಮ್ಮ ಮೊಬೈಲ್ ದಿನವಿಡೀ ಒದ್ದೆಯಾಗಿ ಮುಚ್ಚಿಟ್ಟಿರುತ್ತದೆಯೇ? ನೀವು ಅದನ್ನು ಹತ್ತು ನಿಮಿಷಕ್ಕೊಮ್ಮೆ ಮುಟ್ಟುತ್ತೀರಿ, ಪ್ರತಿ ಸಲ ಹೊಸ ಬ್ಯಾಕ್ಟೀರಿಯಾ ಬರುತ್ತದೆ. ಅದೂ ಅಲ್ಲದೆ ಹತ್ತು ಲಕ್ಷದಲ್ಲಿ 99.9% ಸತ್ತರೂ ಒಂದು ಸಾವಿರ ಉಳಿಯುತ್ತವೆ.

ವೈರಸ್ ವಿಷಯದಲ್ಲೂ ಒಂದು ಸುದ್ದಿ ಓಡಾಡಿತ್ತು. ಆಸ್ಟ್ರೇಲಿಯಾದ ಆರ್‌ಎಂಐಟಿ ವಿಶ್ವವಿದ್ಯಾಲಯದವರು ಬಹಳ ಚೂಪಾದ, ತುದಿಯಲ್ಲಿ ಸುಮಾರು 2 ನ್ಯಾನೋಮೀಟರ್ ಅಗಲದ ಸಿಲಿಕಾನ್ ಮೊನೆಗಳ ಮೇಲೆ ಪ್ಯಾರಾಇನ್‌ಫ್ಲುಯೆಂಜಾ ಎಂಬ ಉಸಿರಾಟದ ವೈರಸ್ಸನ್ನು ಬಿಟ್ಟಾಗ 96% ಹಾಳಾಯಿತು. ಇಲ್ಲಿ ಮೊನೆ ನಿಜಕ್ಕೂ ಸೂಜಿಗೆ ಹತ್ತಿರ, ಪೊರೆ ಹೊದೆಯಲಾಗದ ಗಾತ್ರ. ಒಳ್ಳೆಯ ಕೆಲಸವೇ. ಆದರೆ ಫಾರ್ವರ್ಡ್‌ಗಳು ಬಿಟ್ಟ ಒಂದು ಪದವಿದೆ: ಆರು ಗಂಟೆ. ಅಷ್ಟು ಹೊತ್ತು ಬೇಕಾಯಿತು.

ಕೊನೆಗೆ, ಎಲ್ಲಕ್ಕಿಂತ ದೊಡ್ಡ ತೊಡಕು ನಮ್ಮ ಬೆರಳು. ಬೆರಳಿನ ಜಿಡ್ಡು, ಬೆವರು, ಪೌಡರ್, ಬಸ್ಸಿನ ಕಂಬಿಯ ಧೂಳು ಎಲ್ಲವೂ ಪರದೆಯ ಮೇಲೆ ಕೂರುತ್ತವೆ. 200 ನ್ಯಾನೋಮೀಟರ್ ಎತ್ತರದ ಕಂಬ ಮುಚ್ಚಿಹೋಗಲು ಕಣ್ಣಿಗೆ ಕಾಣದಷ್ಟು ತೆಳು ಜಿಡ್ಡು ಸಾಕು. ಸತ್ತ ಬ್ಯಾಕ್ಟೀರಿಯಾಗಳ ಅವಶೇಷವೂ ಅಲ್ಲೇ ಕೂತು, ಮುಂದೆ ಬರುವವಕ್ಕೆ ಮೆತ್ತನೆಯ ಹಾಸಿಗೆಯಾಗುತ್ತದೆ. ಜೇಬಿನಲ್ಲಿ ಕೀಲಿಯ ಜೊತೆ ಉಜ್ಜಾಡುವ ಮೊಬೈಲಿನ ಮೇಲೆ ಅಷ್ಟು ನಾಜೂಕಿನ ಕಂಬಗಳು ಎಷ್ಟು ದಿನ ನೆಟ್ಟಗೆ ನಿಂತಾವು? ಅಂದರೆ ಇಂಥ ಮೈಯನ್ನು ಮಾಮೂಲಿಗಿಂತ ಹೆಚ್ಚು ಶುಚಿಯಾಗಿಡಬೇಕು. "ಒರೆಸುವುದೇ ಬೇಡ" ಎಂಬ ಫಾರ್ವರ್ಡ್ ಹೇಳುವುದಕ್ಕೆ ತದ್ವಿರುದ್ಧ.

ಇದೇ ಪೊರೆಯನ್ನು ಒಡೆಯುವ ಅಗ್ಗದ ವಸ್ತು ನಿಮ್ಮ ಬಚ್ಚಲಿನಲ್ಲಿದೆ. ಸಾಬೂನಿನ ಅಣುವಿಗೂ ಲಿಪಿಡ್‌ನಂತೆ ನೀರು ಬಯಸುವ ತಲೆ, ನೀರು ಒಲ್ಲದ ಬಾಲ. ಅದು ಕೊರೊನಾದಂಥ ಲಿಪಿಡ್ ಹೊದಿಕೆಯ ವೈರಸ್ಸಿನ ಪೊರೆಯೊಳಗೆ ನುಸುಳಿ ಸಾಲು ಕೆಡಿಸುತ್ತದೆ, ತುಂಡುಗಳನ್ನು ಸುತ್ತುವರಿದು ನೀರಿನೊಂದಿಗೆ ಒಯ್ಯುತ್ತದೆ. ಒಡೆಯದ ಬ್ಯಾಕ್ಟೀರಿಯಾವನ್ನೂ ಜಿಡ್ಡಿನ ಸಮೇತ ತೊಳೆದುಹಾಕುತ್ತದೆ. 20 ಸೆಕೆಂಡು ಉಜ್ಜಿದರೆ ಆಯಿತು, ಆರು ಗಂಟೆ ಬೇಡ.

ಮೊಬೈಲಿಗೆ ಸಾಬೂನು ನೀರು ಹಾಕಬೇಡಿ. ಸ್ವಿಚ್ ಆಫ್ ಮಾಡಿ, ಕವರ್ ಬಿಚ್ಚಿ, 70% ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಮೆತ್ತನೆಯ ಬಟ್ಟೆಯಿಂದ ಪರದೆ ಮತ್ತು ಹಿಂಬದಿಯನ್ನು ಒರೆಸಿ. ಪರದೆಯ ಮೇಲೆ ನೇರವಾಗಿ ಸ್ಪ್ರೇ ಮಾಡಬೇಡಿ, ಚಾರ್ಜರ್ ಹಾಕುವ ತೂತಿಗೆ ಹನಿ ಇಳಿಯದಂತೆ ನೋಡಿಕೊಳ್ಳಿ. ಕವರನ್ನು ಬೇರೆಯಾಗಿ ಸಾಬೂನಿನಲ್ಲಿ ತೊಳೆಯಬಹುದು, ಒಣಗಿದ ಮೇಲೆ ಹಾಕಿ.